ಲೇತ್ ಅಕ್ಕ ಕಟ್ಟಿದ ಕಾರು, ಸಾಹೇಬರು ಎತ್ತಿದ ಟ್ರೋಫಿ

ಬೆಳಗಿನ ಐದೂವರೆ. ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನ ಶಟರ್ ಎತ್ತಿದ ಲೇತ್ ಅಕ್ಕ ಮೊದಲು ಹಿಡಿಯುವುದು ಪೊರಕೆ. ಯಂತ್ರಗಳ ಕೆಳಗೆ ಸುರುಳಿಸುರುಳಿಯಾಗಿ ಬಿದ್ದ ಕಬ್ಬಿಣದ ಸಿಪ್ಪೆಯನ್ನು ಬಕೆಟ್ಟಿಗೆ ತುಂಬಿ, ಖಾಕಿ ಕೋಟಿನ ತೋಳು ಮಡಚಿ, ಮೇಜಿನ ಮುಂದೆ ನಿಲ್ಲುತ್ತಾರೆ. ಮೇಜಿನ ಮೇಲೊಂದು ಅಲ್ಯೂಮಿನಿಯಂ ತಗಡು. ಐದು ದಿನಗಳಲ್ಲಿ ಅಂತರ ಕಾಲೇಜು ಸ್ಪರ್ಧೆಗೆ ಇಳಿಯಬೇಕಾದ ರಿಮೋಟ್ ಕಾರಿನ ತಳ ಅದು. ವಿದ್ಯಾರ್ಥಿಗಳು ನಿನ್ನೆ ಸಂಜೆ ಅದರ ಮೇಲೆ ನಕ್ಷೆ ಅಂಟಿಸಿ, ತೂತು ಬೇಕಾದಲ್ಲೆಲ್ಲ ಚುಕ್ಕೆ ಕುಟ್ಟಿ ಹೋಗಿದ್ದಾರೆ. ಡ್ರಿಲ್ ಹಾಕುವುದೊಂದೇ ಬಾಕಿ.

ಅಕ್ಕ ಡ್ರಿಲ್ ಮುಟ್ಟುವುದಿಲ್ಲ. ಉಕ್ಕಿನ ಸ್ಕೇಲನ್ನು ನಕ್ಷೆಯ ಮೇಲಿಟ್ಟು ಬಗ್ಗಿ ನೋಡುತ್ತಾರೆ. ನೂರು ಮಿಲಿಮೀಟರ್ ಎಂದು ಬರೆದಿರುವ ಗೆರೆ ಅಳತೆಗೆ ತೊಂಬತ್ತಾರೇ ಬರುತ್ತದೆ.

"ಪ್ರಿಂಟ್ ತೆಗೆಯೋವಾಗ ಹಾಳೆಗೆ ಹೊಂದಿಸು ಅಂತ ಒತ್ತಿಬಿಟ್ಟಿದಾರೆ. ಅದು ಚಿತ್ರಾನೇ ಕುಗ್ಗಿಸಿದೆ. ಪ್ರತಿ ವರ್ಷ ಯಾರಾದ್ರೂ ಈ ತಪ್ಪು ಮಾಡೇ ಮಾಡ್ತಾರೆ. ಚಿತ್ರ ಕುಗ್ಗುತ್ತೆ ಸರಿ, ಅಂಗಡಿಯಿಂದ ತಂದ ಮೋಟರ್ ಕುಗ್ಗುತ್ತಾ?" ಎಂದು ನಗುತ್ತಾರೆ. ಹಾಗೇ ಕೊರೆದಿದ್ದರೆ ಮೋಟರಿನ ಒಂದು ಸ್ಕ್ರೂ ಕೂಡ ತೂತಿಗೆ ಕೂರುತ್ತಿರಲಿಲ್ಲ, ಇದ್ದ ಒಂದೇ ತಗಡೂ ಹಾಳಾಗುತ್ತಿತ್ತು. ಅಕ್ಕ ತಗಡನ್ನು ಮಗುಚಿ ಹಾಕಿ, ಸೂಜಿಯಲ್ಲಿ ಹೊಸದಾಗಿ ಗೀಟು ಎಳೆಯತೊಡಗುತ್ತಾರೆ.

ಹದಿನಾರು ವರ್ಷದ ಹಿಂದೆ ಇವರು ಇಲ್ಲಿಗೆ ಬಂದದ್ದು ಕಸ ಗುಡಿಸಲು. ಆಗಿದ್ದ ಮುದುಕ ಮೆಕ್ಯಾನಿಕ್‌ಗೆ ಕಣ್ಣು ಮಂಜಾಗಿತ್ತು. ಅಳತೆ ಓದಿ ಹೇಳಲು ಇವರನ್ನು ಕರೆಯುತ್ತಿದ್ದರಂತೆ. ಓದಿ ಹೇಳುತ್ತಾ ಹೇಳುತ್ತಾ ಲೋಹ ಕಡೆಯುವ ಲೇತ್ ಯಂತ್ರ ತಿರುಗಿಸುವುದನ್ನೂ ಕಲಿತರು. ಆರು ವರ್ಷದ ಹಿಂದೆ ಆ ಮೆಕ್ಯಾನಿಕ್ ನಿವೃತ್ತರಾದರು. ಆ ಜಾಗಕ್ಕೆ ಯಾರೂ ಬರಲಿಲ್ಲ, ಕೆಲಸ ಮಾತ್ರ ನಿಲ್ಲಲಿಲ್ಲ. ಈಗ ದಿನಕ್ಕೆ ಹದಿನೆಂಟು ಯಂತ್ರ ಒರೆಸುವುದು, ಎರಡು ಬಕೆಟ್ ಸಿಪ್ಪೆ ಹೊರುವುದು, ನಲವತ್ತು ಐವತ್ತು ತೂತು ಕೊರೆಯುವುದು, ಮೂರು ಬ್ಯಾಚ್ ಮಕ್ಕಳ ಬೆರಳು ಕಾಯುವುದು ಎಲ್ಲ ಇವರದೇ. ಇವರ ಎಡಗೈ ಹೆಬ್ಬೆರಳಲ್ಲಿ ಉಗುರಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಇವತ್ತಿಗೂ ಇವರು 'ಸ್ವಚ್ಛತಾ ಸಿಬ್ಬಂದಿ'.

"ಮನೇಲಿ ನಮ್ಮತ್ತೆ ಯಾರಾದ್ರೂ ಕೇಳಿದ್ರೆ, ನಮ್ಮ ಸೊಸೆ ಕಾಲೇಜಲ್ಲಿ ಆಟದ ಕಾರು ಮಾಡ್ತಾಳೆ ಅಂತಾರೆ. ಅವರಿಗಾದ್ರೂ ಗೊತ್ತಲ್ಲ," ಎನ್ನುತ್ತಾರೆ ಅಕ್ಕ.

ಇವರ ಬಗ್ಗೆ ಬರೆಯಲು ಬಂದ ನನಗೆ ಮೈ ಉರಿಯುವುದು ಇಲ್ಲಿ. ಸ್ಪರ್ಧೆಯ ನಿಯಮ ನೆಟ್ಟಗೇ ಇದೆ: ವಿನ್ಯಾಸ ವಿದ್ಯಾರ್ಥಿಗಳದು, ಭಾಗಗಳನ್ನು ಕಾಲೇಜಿನ ಮೆಕ್ಯಾನಿಕ್ ಕತ್ತರಿಸಿ ಕೊಡಬಹುದು, ಆದರೆ ಕತ್ತರಿಸಿದವರೇ ಫಾರಂನಲ್ಲಿ ಸಹಿ ಹಾಕಬೇಕು. ಆರು ವರ್ಷದಿಂದ ಆ ಜಾಗದಲ್ಲಿ ಸಹಿ ಹಾಕುತ್ತಿರುವವರು ವಿಭಾಗದ ಮುಖ್ಯಸ್ಥರು. ಅರದ ಯಾವ ಕಡೆ ಹಿಡಿಯಬೇಕೆಂದೂ ತಿಳಿಯದ ಸಾಹೇಬರು ನಾಲ್ಕು ಟ್ರೋಫಿ ಎತ್ತಿ ಫೋಟೋ ತೆಗೆಸಿಕೊಂಡಿದ್ದಾರೆ. ಗೆದ್ದಲು ಹುತ್ತ ಕಟ್ಟಿದರೆ ಹಾವು ಬಂದು ಸೇರಿಕೊಂಡಿತಂತೆ. ಆ ಟ್ರೋಫಿಗಳ ಗಾಜಿನ ಬೀರು ಒರೆಸುವುದೂ ಅಕ್ಕನ ಪಾಲಿನ ಕೆಲಸವೇ.

ಈಗ ಆಗಿರುವುದು ಇಷ್ಟು. ಖಾಲಿ ಬಿದ್ದಿದ್ದ ಮೆಕ್ಯಾನಿಕ್ ಹುದ್ದೆಗೆ ಕೊನೆಗೂ ಅರ್ಜಿ ಕರೆದಿದ್ದಾರೆ. ಐದು ವರ್ಷದ ಅನುಭವ ಪತ್ರ ಬೇಕು. ಶನಿವಾರ ಕೊನೆಯ ದಿನ. ಪತ್ರಕ್ಕೆ ಸಹಿ ಹಾಕಬೇಕಾದವರು ಅದೇ ಸಾಹೇಬರು. ಅಕ್ಕ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಾರೆ.

ನಾನೇ ಹೋಗಿ ಕೇಳಿದೆ. "ನೋಡಿ, ಆಯಮ್ಮ ಒಳ್ಳೇವರೇ. ಆದರೆ ರೆಕಾರ್ಡ್ ಪ್ರಕಾರ ಅವರು ಲೇತ್ ಮುಟ್ಟೋ ಹಾಗೇ ಇಲ್ಲ. ಮುಟ್ಟಿದಾರೆ ಅಂತ ನಾನು ಬರೆದುಕೊಟ್ರೆ ನಾಳೆ ನನ್ನ ಕುತ್ತಿಗೆಗೆ ಬರುತ್ತೆ," ಎಂದರು ಸಾಹೇಬರು, ಕುರ್ಚಿಯಲ್ಲಿ ಒರಗಿಕೊಂಡೇ.

ಮುಟ್ಟುವ ಹಾಗಿಲ್ಲವಂತೆ. ಆರು ವರ್ಷ ಈ ನಿಯಮ ಎಲ್ಲಿ ಮಲಗಿತ್ತು? ಹೆಬ್ಬೆರಳಿನ ಉಗುರು ಹೋದ ದಿನ ಯಾರ ಕುತ್ತಿಗೆಗೂ ಏನೂ ಬರಲಿಲ್ಲವಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾರೋ ಎನ್ನುವವರನ್ನು ನೋಡಿದ್ದೇನೆ. ಇವರು ಇನ್ನೂ ದೋಣಿಯಲ್ಲಿ ಕೂತೇ ಹಾಗೆನ್ನುತ್ತಿದ್ದಾರೆ. ಹೇಳಿದೆ ಕೂಡ. ಅವರು ಗಡಿಯಾರ ನೋಡಿಕೊಂಡರು.

ಮಧ್ಯಾಹ್ನ ಕಾರಿಗೆ ಚಕ್ರ ಕೂತಿದೆ. ಚಪ್ಪಲಿ ಡಬ್ಬಿಯಷ್ಟಿರುವ ಗಾಡಿ ಅಂಗಳದ ಮರಳು ದಾಟಿ, ಹಲಗೆಯ ಇಳಿಜಾರು ಏರಿ, ಅಡ್ಡಾಡದೆ ನೇರ ಬರುತ್ತದೆ. ಮಕ್ಕಳು ಕುಣಿಯುತ್ತಾರೆ. ಅಕ್ಕ ಮಾತ್ರ ಮಂಡಿಯೂರಿ, ಹಿಂದಿನ ಚಕ್ರದ ನಟ್ಟನ್ನು ಇನ್ನರ್ಧ ಸುತ್ತು ಬಿಗಿಯುತ್ತಾರೆ. "ಈಗ ಚೆನ್ನಾಗಿ ಓಡಿದ್ದೇ ನಟ್ಟು ಸಡಿಲ ಮಾಡೋದು," ಎನ್ನುತ್ತಾರೆ.

ಅಷ್ಟರಲ್ಲಿ ತಂಡದ ನಾಯಕಿ ಎರಡು ಹಾಳೆ ಹಿಡಿದು ಬರುತ್ತಾಳೆ. ಒಂದು ಸ್ಪರ್ಧೆಯ ಫಾರಂ. ಸಾಹೇಬರು ಯಥಾಪ್ರಕಾರ ಮೆಕ್ಯಾನಿಕ್ ಜಾಗದಲ್ಲಿ ಸಹಿ ಹಾಕಿ ಕೊಟ್ಟಿದ್ದನ್ನು ಹರಿದು, ಆ ಜಾಗ ಖಾಲಿ ಬಿಟ್ಟು ಹೊಸದು ತಂದಿದ್ದಾಳೆ. ಇನ್ನೊಂದು ಅಕ್ಕನ ಅನುಭವ ಪತ್ರ. ಅವಳೇ ಟೈಪ್ ಮಾಡಿದ್ದು. ಹಳೆಯ ನಾಲ್ಕು ತಂಡಗಳ ಹುಡುಗ ಹುಡುಗಿಯರೂ ಸಾಕ್ಷಿ ಹಾಕಿದ್ದಾರೆ.

"ಅಕ್ಕ, ಫಾರಂಗೆ ನೀವೇ ಸಹಿ ಹಾಕಿ. ಈ ಪತ್ರಕ್ಕೆ ಸರ್ ಸಹಿ ಹಾಕೋವರೆಗೂ ಕಾರು ಇಲ್ಲಿಂದ ಹೊರಡಲ್ಲ. ಐದು ಜನಾನೂ ಒಪ್ಪಿದೀವಿ."

"ನನಗೋಸ್ಕರ ನಿಮ್ಮ ವರ್ಷದ ಕೆಲಸ ಹಾಳು ಮಾಡ್ಕೋತೀರಾ?"

"ನಿಮ್ಮ ಹದಿನಾರು ವರ್ಷ ಹಾಳಾಗ್ತಿದೆಯಲ್ಲ."

ಅಕ್ಕ ಕೈ ಒರೆಸಿಕೊಂಡು ಫಾರಂಗೆ ನಿಧಾನವಾಗಿ ಸಹಿ ಹಾಕುತ್ತಾರೆ. ಆಮೇಲೆ ಪತ್ರ ಓದುತ್ತಾರೆ. ಅದರಲ್ಲಿ ಹಾಜರಿ ಪುಸ್ತಕ ನೋಡಿ ಟೈಪ್ ಮಾಡಿದ್ದ 'ಸ್ವಚ್ಛತಾ ಸಿಬ್ಬಂದಿ' ಎಂಬುದನ್ನು ಹುಡುಗಿ ಪೆನ್ನಿನಲ್ಲಿ ಹೊಡೆದು ಹಾಕಿ 'ಮೆಕ್ಯಾನಿಕ್' ಎಂದು ಬರೆದಿದ್ದಾಳೆ. ಅಕ್ಕನ ಬೆರಳು ಆ ಗೆರೆಯ ಮೇಲೆ ನಿಲ್ಲುತ್ತದೆ.

"ಇದನ್ನ ಹೊಡೀಬೇಡ ಕಣೇ. ಗುಡಿಸಿದ್ದೂ ನಾನೇ. ಅದರ ಪಕ್ಕದಲ್ಲಿ ಇದನ್ನೂ ಬರಿ, ಸಾಕು."