ಗೋಡೆ ದಾಟಿ ಬಂದ ಬಿಸಿ

ಬೀದಿಯವರೆಲ್ಲ ಅವಳನ್ನು ಕತ್ತರಿ ಅತ್ತಿಗೆ ಎನ್ನುತ್ತಿದ್ದರು. ಕತ್ತರಿ ಅವಳ ಕೈಯಲ್ಲಿದ್ದುದಕ್ಕಿಂತ ಬಾಯಲ್ಲಿದ್ದುದೇ ಹೆಚ್ಚು. ಆಸ್ಪತ್ರೆಯವರ ಬಿಳಿ ಕೋಟು ಹೊಲಿದೇ ಮನೆ ನಡೆಸಿದವಳು, ಗಂಡನ ತಮ್ಮನನ್ನು ಓದಿಸಿದವಳು. ಓದು ಮುಗಿಸಿದ ಮೈದುನ ಅವಳ ಹೊಲಿಗೆ ಕೋಣೆಯ ಪಕ್ಕದಲ್ಲೇ ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡು ಜಾಹೀರಾತಿನವರಿಗೆ ಕಾರ್ಟೂನು ಮಾಡಿಕೊಡತೊಡಗಿದ. ಕೆಂಡವಾಗುವ ಆ ಯಂತ್ರಗಳನ್ನು ತಣಿಸಲು ಅವುಗಳೊಳಗೆ ನೀಲಿ ಬಣ್ಣದ ನೀರು ಸುತ್ತುತ್ತಿತ್ತು. ಕಾದ ನೀರು ರಬ್ಬರ್ ಕೊಳವೆಯಲ್ಲಿ ಗೋಡೆ ದಾಟಿ ಬಂದು, ಅತ್ತಿಗೆಯ ಕೋಣೆಯಲ್ಲಿ ತನ್ನ ಬಿಸಿಯನ್ನು ಬಿಟ್ಟು ವಾಪಸಾಗುತ್ತಿತ್ತು. ಗೋಡೆ ಕೊರೆಯುವಾಗ ಅವನು ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

"ನಿನ್ನ ಒಲೆ ಬೂದಿ ನನ್ನ ತಲೆ ಮೇಲೆ ಯಾಕೋ ಸುರೀತೀಯ?" ಎಂದು ಅವಳು ಹರಿಹಾಯ್ದಳು.

"ಸ್ವಲ್ಪ ತಡ್ಕೊಳ್ಳಿ ಅತ್ತಿಗೆ. ಆ ಬಿಸಿಯಿಂದಾನೇ ನಿಮಗೆ ಗಾಳಿ ಬರೋ ಹಾಗೆ ಮಾಡ್ತೀನಿ. ಕರೆಂಟೇ ಬೇಡ."

ಮಾಡಿಯೂ ಮಾಡಿದ. ಒಂದು ಮಗ್ಗುಲು ಬಿಸಿ, ಇನ್ನೊಂದು ಮಗ್ಗುಲು ತಂಪಾಗಿದ್ದರೆ ವಿದ್ಯುತ್ ಕೊಡುವ ಬಿಲ್ಲೆಗಳನ್ನು ಕೊಳವೆಗೆ ಅಂಟಿಸಿ, ಅಂಗೈಯಗಲದ ಫ್ಯಾನೊಂದನ್ನು ತಗುಲಿಸಿದ. ಬೆಳಿಗ್ಗೆ ಅದು ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಕೋಣೆಯೇ ಕಾದು ಬಿಲ್ಲೆಯ ಎರಡೂ ಮಗ್ಗುಲು ಬಿಸಿಯಾದವು. ಫ್ಯಾನು ಏದುಸಿರು ಬಿಟ್ಟು ನಿಂತಿತು. ದಿನವೂ ಇದೇ ಹಾಡು.

"ತಂಪಿರೋವಾಗ ತಿರುಗತ್ತೆ, ನಾನು ಬೇಯೋವಾಗ ಸಾಯತ್ತೆ. ನಿನ್ನ ಹಾಗೇ ಇದೆ!"

"ನೀವು ಕಿಟಕಿ ಮುಚ್ಕೊಂಡು ಕೂತ್ರೆ ಇನ್ನೇನಾಗತ್ತೆ?"

"ತೆಗೆದ್ರೆ ರಸ್ತೆ ಧೂಳೆಲ್ಲ ಬಿಳಿ ಬಟ್ಟೆ ಮೇಲೆ. ನೀನು ಬಂದು ಒಗೀತೀಯಾ?"

ಬಾಗಿಲಲ್ಲಿ ಅವನ ಗಿರಾಕಿಯೊಬ್ಬರು ನಿಂತಿದ್ದರು. ಮೈದುನ ಅವರ ಕಡೆ ನೋಡಿ ನಕ್ಕ. "ಬಿಡಿ ಸಾರ್, ಹೊಲಿಯೋರ ತಲೆಗೆ ಇದೆಲ್ಲ ಹತ್ತಲ್ಲ."

ಅತ್ತಿಗೆ ಎದ್ದಳು. ಬಟ್ಟೆ ಕತ್ತರಿಯಿಂದ ಕೊಳವೆಯನ್ನು ಕಚಕ್ಕನೆ ಕತ್ತರಿಸಿದಳು. ನೀಲಿ ನೀರು ಬುಸ್ಸೆಂದು ಚಿಮ್ಮಿ, ಅವಳೇ ಇಸ್ತ್ರಿ ಮಾಡಿ ಜೋಡಿಸಿಟ್ಟ ಕೋಟುಗಳ ಮೇಲೆ ಸುರಿಯಿತು. ಆಚೆ ಯಂತ್ರಗಳು ಕೀಚಲು ದನಿಯಲ್ಲಿ ಕೂಗಿ ಒಂದೊಂದಾಗಿ ಆರಿದವು. ಗಿರಾಕಿಗೆ ಅಂದೇ ಒಪ್ಪಿಸಬೇಕಿದ್ದ ಕೆಲಸ ಅಲ್ಲೇ ಸತ್ತಿತು. ಮೈದುನ ಕೈ ಎತ್ತಿಕೊಂಡು ಬಂದ. ಅಷ್ಟರಲ್ಲಿ ಗಂಡ ಓಡಿಬಂದು ನಡುವೆ ನಿಂತ.

"ಕೈ ಇಳಿಸೋ! ನೀನೂ ಕತ್ತರಿ ಕೆಳಗಿಡೇ."

ಮೈದುನ ಕೈ ಇಳಿಸಿದ. ಅವಳು ಕತ್ತರಿ ಇಡಲಿಲ್ಲ.

ಆ ವಾರವೇ ಮೈದುನ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಬೀದಿಗೆ ಹೋದ. ಕಲೆಯಾದ ಕೋಟುಗಳನ್ನೆಲ್ಲ ಅವಳು ಹೊಸದಾಗಿ ಹೊಲಿದಳು. ಬೆರಳು ಬೊಬ್ಬೆಯೆದ್ದರೂ ತುಟಿಪಿಟಕ್ಕೆನ್ನಲಿಲ್ಲ. ನೋವಾಗುತ್ತದೆ ಎಂದರೆ ತಪ್ಪು ತನ್ನದೆಂದು ಒಪ್ಪಿಕೊಂಡ ಹಾಗಾದೀತೆಂಬ ಹಟ.

ಕೆಲವು ತಿಂಗಳ ಮೇಲೆ ಗಂಡ ಊಟಕ್ಕೆ ಕೂತಾಗ ಮೆಲ್ಲಗೆ ಬಾಯಿಬಿಟ್ಟ. "ಅವನು ಅಲ್ಲಿ ಬಿಲ್ಲೆಗಳ ಒಂದು ಮಗ್ಗುಲನ್ನ ಹೊರಗಡೆ ಗಾಳಿಗೆ ಇಟ್ಟಿದ್ದಾನೆ. ಫ್ಯಾನು ದಿನವಿಡೀ ತಿರುಗತ್ತೆ. ನೀನು ಬಂದು ನೋಡ್ಬೇಕಂತೆ."

"ಅದನ್ನ ಇಲ್ಲೇ ಮಾಡೋಕೆ ಏನು ಧಾಡಿಯಾಗಿತ್ತು?"

"ಹೊರಗೋಡೆ ಕೊರೀಬೇಕಿತ್ತಲ್ಲ. ನಿನ್ನ ಕೇಳೋಕೆ ಹೆದರಿಕೆಯಾಯ್ತಂತೆ."

"ಒಳಗೋಡೆ ಕೊರೆಯೋವಾಗ ಆ ಹೆದರಿಕೆ ಎಲ್ಲಿ ಮಲಗಿತ್ತಂತೆ?"

ಗಂಡ ತಟ್ಟೆಗೆ ಇನ್ನಷ್ಟು ಸಾರು ಹಾಕಿಕೊಂಡ. ಅವಳು ನೋಡಲು ಹೋಗಲಿಲ್ಲ.

ಆಮೇಲೆ ದಾರಿಯಲ್ಲಿ ಮೈದುನ ಕಂಡರೆ ಅವಳು ರಸ್ತೆಯ ಆಚೆ ಬದಿಗೆ ಹೋಗಿಬಿಡುತ್ತಿದ್ದಳು. ಅವನೂ ಅಷ್ಟೇ. ಒಮ್ಮೆ ಇಬ್ಬರೂ ಒಟ್ಟಿಗೇ ದಾಟಲು ಹೋಗಿ ನಡುರಸ್ತೆಯಲ್ಲಿ ಮುಖಾಮುಖಿಯಾದರು. ಅವನ ಅಂಗಿಯ ಕಾಲರ್ ಹೊಲಿಗೆ ಬಿಟ್ಟಿದ್ದು ಅವಳ ಕಣ್ಣಿಗೆ ಬಿತ್ತು. ಪೂರ್ತಿ ಬಿಚ್ಚಿಹೋಗಲಿ ಎಂದುಕೊಂಡು ಸರಸರನೆ ಮುಂದೆ ನಡೆದಳು.