ನೆರವು ಕೊಟ್ಟವರ ಹೆಸರು

ಅರವತ್ತರ ಹೊಸ್ತಿಲಲ್ಲಿ ನನಗೆ ಎಂ.ಎ. ಓದುವ ಹುಚ್ಚು ಹಿಡಿಯಿತು. ಹೈದರಾಬಾದಿನ ತಾರ್ನಾಕದ ನಮ್ಮ ಮನೆಯಿಂದ ವಿಶ್ವವಿದ್ಯಾಲಯಕ್ಕೆ ಸ್ಕೂಟರಿನಲ್ಲಿ ಬಿಟ್ಟು ಬರುವವರು ಇವರು, ಅಂದರೆ ನನ್ನ ಯಜಮಾನರು, ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು.

ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡ ಮನೆತನಗಳ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಮೊಬೈಲಿನ ಎಐಗೆ ಕನ್ನಡದಲ್ಲಿ ಹೇಳಿದರೆ ಅದು ಇಂಗ್ಲಿಷ್ ಮಾಡಿಕೊಡುತ್ತಿತ್ತು, ಓದಬೇಕಾದ ಪುಸ್ತಕಗಳನ್ನೂ ಸೂಚಿಸುತ್ತಿತ್ತು. ಅವನ್ನು ಹುಡುಕಲು ಇವರು ಲೈಬ್ರರಿಗೆ ಹೋದರು. ಸಂಜೆ ಬೆವರೊರೆಸಿಕೊಳ್ಳುತ್ತ ಬಂದವರೇ, "ನಿನ್ನ ಎಐ ಭಾಳ ಶ್ಯಾಣ್ಯಾ ಐತಿ. ಯಾರೂ ಬರೀಲಾರದ ಪುಸ್ತಕಾನೂ ಓದೇತಿ!" ಎಂದರು. ಅದು ಹೇಳಿದ್ದರಲ್ಲಿ ಕೆಲವು ಪುಸ್ತಕಗಳು ಜಗತ್ತಿನಲ್ಲೇ ಇರಲಿಲ್ಲ. ಹಾಗೇ ಸೇರಿಸಿಬಿಟ್ಟಿದ್ದರೆ ನನ್ನ ಮಾನ ಹರಾಜಾಗುತ್ತಿತ್ತು. ಅಂದಿನಿಂದ ಎಐ ಕೊಟ್ಟದ್ದನ್ನೆಲ್ಲ ಪರೀಕ್ಷಿಸುವ ಕೆಲಸ ಇವರದೇ ಆಯಿತು.

ಯಾವ ಎಐ ಬಳಸಿದೆ, ಯಾವುದಕ್ಕೆ, ಬೇರೆ ಯಾರ ನೆರವು ಪಡೆದೆ ಎಂದು ಪ್ರಬಂಧದ ಕೊನೆಗೆ ಬರೆಯಲೇಬೇಕು. ಅದು ನಮ್ಮ ಮೇಡಂ ನಿಯಮ. ಎಐ ಹೆಸರು, ಅದರ ಆವೃತ್ತಿಯ ನಂಬರು, ಎಲ್ಲ ಬರೆದೆ. ಕೆಳಗೆ 'ಮತ್ತು ನನ್ನ ಪತಿ' ಎಂದು ಸೇರಿಸಿದೆ. ಇವರು ಓದಿ ನೋಡಿದರು.

"ಅದಕ್ಕ ಹೆಸರೂ ಐತಿ, ನಂಬರೂ ಐತಿ. ನನಗ ಹೆಸರಿಲ್ಲೇನು?"

ನಾನು ನಕ್ಕುಬಿಟ್ಟೆ. "ಅಯ್ಯ, ಗಂಡನ ಹೆಸರು ಯಾರರ ಹೇಳ್ತಾರೇನ್ರಿ?"

ಅವರು ನಗಲಿಲ್ಲ. ಎದ್ದು ಬಾಲ್ಕನಿಗೆ ಹೋದರು. ನಮ್ಮ ಬಿಜಾಪುರದ ಕಡೆ ಹೆಂಗಸರು ಗಂಡನ ಹೆಸರು ಹೇಳುವುದು ಮದುವೆ, ಸೀಮಂತಗಳಲ್ಲಿ ಮಾತ್ರ, ಅದೂ ಒಡಪು ಎನ್ನುವ ಪ್ರಾಸದ ಪದ್ಯದಲ್ಲಿ ಸೇರಿಸಿ. ಆಗಲೂ ನಾಚಿ ಒಳಗೆ ಓಡಿಹೋದವಳು ನಾನು! ಆಮೇಲೆ ಸಂಸಾರವೆಲ್ಲ "ರೀ" ಎನ್ನುವುದರಲ್ಲೇ ನಡೆಯಿತು. ಒಮ್ಮೆ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಇವರು ಕಣ್ತಪ್ಪಿದಾಗಲೂ ಹಾಗೆಯೇ ಕೂಗಿದ್ದೆ.

ಮರುದಿನ ಹೆಸರು ಬರೆದೆ. ಬರೆಯುವುದೇನು ಮಹಾ, ರೇಷನ್ ಕಾರ್ಡಿಗೆ ಬರೆದಿಲ್ಲವೇ? ಆದರೆ ಪ್ರಬಂಧ ಮಂಡಿಸುವ ದಿನ ಆ ಪುಟವನ್ನೂ ಕ್ಲಾಸಿನಲ್ಲಿ ಗಟ್ಟಿಯಾಗಿ ಓದಬೇಕಿತ್ತು. ಇವರು ಹೊರಗೆ ಬಿಸಿಲಲ್ಲಿ ನಿಂತಿದ್ದನ್ನು ಕಂಡು ಮೇಡಂ ಒಳಗೆ ಕರೆದು ಹಿಂದಿನ ಬೆಂಚಿನಲ್ಲಿ ಕೂರಿಸಿದರು.

ಎಐ ಹೆಸರು ಸಲೀಸಾಗಿ ಬಾಯಿಗೆ ಬಂತು. ಮುಂದಿನ ಸಾಲಿಗೆ 'ಮತ್ತು... ಮತ್ತು...' ಎನ್ನುತ್ತ ನಿಂತೆ. ನನ್ನ ಮಕ್ಕಳಿಗಿಂತ ಚಿಕ್ಕ ಸಹಪಾಠಿಗಳು ಕಾಯುತ್ತಿದ್ದರು. ನಾನು ತಡವರಿಸಿದ್ದು ಕಂಡು ಇವರು ತಲೆ ತಗ್ಗಿಸಿಕೊಂಡರು. ಈ ಮನುಷ್ಯನಿಗಿಂತ ನನ್ನ ನಾಚಿಕೆ ಹೆಚ್ಚೇ, ಸುಡುಗಾಡು! ಹೇಳಿಬಿಟ್ಟೆ. ಮನೆತನದ ಹೆಸರಿನ ಸಮೇತ, ಗಟ್ಟಿಯಾಗಿ.

ಹಿಂದಿನ ಬೆಂಚಿನಿಂದ, ಕರೆದವರಿಗೆ ಉತ್ತರ ಕೊಡುವ ಹಾಗೆ, ಅವರು "ಓ" ಎಂದರು.