ಬರ್ಲಿನ್ನಿನಲ್ಲಿ ಒಡ್ಡಿದ ಅಂಗೈ

ಹೋಟೆಲಿನಮ್ಮನ ಬಲಗೈಯ ನಡುವೆ ಚರ್ಮ ಸುಟ್ಟೂ ಸುಟ್ಟೂ ದಪ್ಪಗಟ್ಟಿ, ಹಳೇ ಚಪ್ಪಲಿಯ ಅಟ್ಟೆಯಂತಾಗಿತ್ತು. ಕುದಿಯುವ ಸಾರನ್ನು ಅಲ್ಲಿಗೇ ಸುರಿದುಕೊಂಡು ನೆಕ್ಕಿ ಉಪ್ಪು ನೋಡುತ್ತಿದ್ದರು. ಚನ್ನಪಟ್ಟಣದ ಹಳೇ ರಸ್ತೆಯಲ್ಲಿದ್ದ ಅವರ ಮಾಂಸದೂಟದ ಹೋಟೆಲಿನಲ್ಲಿ ಗಿರಾಕಿಗೂ ಅದೇ ನಿಯಮ. ಕೂರುವ ಮೊದಲು ಅಂಗೈ ಒಡ್ಡಬೇಕು, ಒಂದು ತುಂಡು ಬೀಳುತ್ತದೆ. "ಹಿಡಿಸ್ತಾ? ಕೂತ್ಕೊ. ಇಲ್ವಾ? ಮುಂದೆ ಬೇರೆ ಹೋಟ್ಲು ಐತೆ, ಹೋಗು."

ನಾನು ಗೊಂಬೆ ವ್ಯಾಪಾರಿ. ತಳ್ಳುಗಾಡಿಯಿಂದ ಶುರು ಮಾಡಿ ಹೊರದೇಶಕ್ಕೆ ಮಾಲು ಕಳಿಸುವ ತನಕ ಬಂದವನು. ಎಲ್ಲ ಕಡೆ ಚೌಕಾಸಿ ಮಾಡಿ ಗೆದ್ದಿದ್ದೇನೆ. ಆಕೆಯ ಹತ್ತಿರ ಒಂದು ತುಂಡೂ ಹೆಚ್ಚಿಗೆ ಗಿಟ್ಟಿಸಲಾಗಲಿಲ್ಲ.

ಊರ ಹೊರಗೆ ಹೊಸ ಹೆದ್ದಾರಿಯಾದ ಮೇಲೆ ಹಳೇ ರಸ್ತೆ ಬಿಕೋ ಎಂದಿತು. ಅಕ್ಕಪಕ್ಕದ ಹೋಟೆಲುಗಳು ಬಾಗಿಲು ಹಾಕತೊಡಗಿದವು. "ನೀನೂ ಮಾರ್ಬುಡವ್ವ" ಎಂದ ಮಗನಿಗೆ ಅಮ್ಮ ಸೌಟು ತೋರಿಸಿದರು. ಕಾಲೇಜು ಹುಡುಗರೆಲ್ಲ ಟರ್ಕಿ ರೋಲ್ ಎಂದುಕೊಂಡು ಬಿಡದಿ ಕಡೆಗೆ ಬೈಕು ಓಡಿಸುತ್ತಿದ್ದರು. ಅಮ್ಮ ಒಂದನ್ನು ತರಿಸಿ ಕಚ್ಚಿದರು. ಒಣಕಲು ಕೋಳಿ, ಮೇಲೆ ಎಂಥದೋ ಬಿಳೀ ಗೊಜ್ಜು.

"ಟರ್ಕಿಯವ್ರು ಇದ್ನ ತಿಂದು ಬದುಕವ್ರಾ? ಏನ್ಲಾ, ನೀನು ಗೊಂಬೆ ತಗೊಂಡು ಬರ್ಲಿನ್ನಿಗೆ ಹೋಯ್ತೀಯಲ್ಲ, ಅಲ್ಲಿ ಟರ್ಕಿಯವ್ರು ಅವ್ರಾ?"

"ಬೀದಿಬೀದೀಲೂ ಅವ್ರೆ."

"ನಾನೂ ಬತ್ತೀನಿ. ಅಸಲೀದು ತಿನ್ನದೆ ಒಲೆ ಹಚ್ಚಲ್ಲ."

ಬಳೆ ಮಾರಿ ಟಿಕೆಟ್ ತೆಗೆಸಿದರು. ಮಗ ಕೂಗಾಡಿದ. "ಬಳೆ ಹೋದ್ರೆ ಹೋಯ್ತದೆ, ಕೈ ಇಲ್ಲೇ ಐತಲ್ಲ!" ಎಂದರು ಅಮ್ಮ.

ಬರ್ಲಿನ್ನಿನಲ್ಲಿ ಸೀರೆಯ ಮೇಲೆ ನನ್ನ ಸ್ವೆಟರ್ ಹಾಕಿಕೊಂಡು ನಡೆದರು. ಉದ್ದ ಸಾಲು ನಿಂತಿದ್ದ ಮೊದಲ ಅಂಗಡಿಯಲ್ಲಿ, ಬೆಂಕಿಯ ಮುಂದೆ ತಿರುಗುತ್ತಿದ್ದ ಮಾಂಸದ ದಿಂಡನ್ನು ನೋಡಿ ನಕ್ಕುಬಿಟ್ಟರು. "ಲೇ, ಇದು ನಿನ್ ಗೊಂಬೆ ಕಣ್ಲಾ! ಕುರಿ ಮೈ ಇಷ್ಟು ನುಣ್ಣಗೆ ಎಲ್ಲಿರ್ತದೆ? ಅರೆದು ಅಚ್ಚು ಹೊಯ್ದವ್ರೆ."

ಮುಂದಿನ ಅಂಗಡಿಗಳಲ್ಲಿ ನೇರವಾಗಿ ಅಂಗೈ ಒಡ್ಡತೊಡಗಿದರು. ಒಬ್ಬ ಕನಿಕರಪಟ್ಟು ಆ ಕೈಯಲ್ಲಿ ನಾಣ್ಯವಿಟ್ಟ. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಮ್ಮ ನಾಣ್ಯವನ್ನು ನೋಡಿದರು, ಅವನನ್ನು ನೋಡಿದರು, ಟಪ್ಪೆಂದು ಕಟ್ಟೆಯ ಮೇಲೆ ಬಡಿದರು. "ಲೋ, ಬೇಡಕ್ಕೆ ಬಂದಿಲ್ಲ, ರುಚಿ ನೋಡಕ್ಕೆ ಬಂದಿವ್ನಿ!"

"ಇನ್ನು ಕೈ ಒಡ್ಬೇಡಮ್ಮ, ದುಡ್ಡು ಕೊಟ್ಟೇ ತಗೊಳವಾ" ಎಂದು ಗೋಗರೆದೆ.

"ಸಾಮಾನು ನೋಡ್ದೆ ದುಡ್ಡು ಬಿಚ್ಚಕ್ಕೆ ನೀನು ಯಾವ ಸೀಮೆ ವ್ಯಾಪಾರಿಲಾ?"

ಎರಡು ದಿನ ಹೀಗೇ ಅಲೆದೆವು. ಹೊರಡುವ ಹಿಂದಿನ ದಿನ ಮಧ್ಯಾಹ್ನ, ಒಂದು ಓಣಿಯಲ್ಲಿ ಬಿಳಿಮೀಸೆಯ ಟರ್ಕಿಯವನೊಬ್ಬ ಕಂಬಿಗೆ ಕುರಿ ತುಂಡು ಪೋಣಿಸಿ ಕೆಂಡದ ಮೇಲೆ ಸುಡುತ್ತಿದ್ದ. ಅಮ್ಮ ಮತ್ತೆ ಅಂಗೈ ಒಡ್ಡಿದರು. ಅವನು ಸುಟ್ಟು ದಪ್ಪಗಟ್ಟಿದ ಆ ಚರ್ಮವನ್ನು ಗಮನವಿಟ್ಟು ನೋಡಿದ. ಕಂಬಿಯಿಂದ ಒಂದು ತುಂಡು ಎಳೆದು, ಊದಿ, ಅದರ ಮೇಲಿಟ್ಟ. ಅಮ್ಮ ಅಗಿದರು. ನನ್ನತ್ತ ತಿರುಗಿ ಒಂದೇ ಮಾತು: "ಕೂತ್ಕೊ."

ತೆಳುರೊಟ್ಟಿಯಲ್ಲಿ ಮಾಂಸ, ಹುಳಿಪುಡಿ ಕಲಸಿದ ಈರುಳ್ಳಿ ಇಟ್ಟು ಅವನು ಸುತ್ತಿ ಕೊಟ್ಟ. ಸಂಜೆಯ ತನಕ ಅವನು ಅವನ ಭಾಷೆಯಲ್ಲಿ, ಅಮ್ಮ ಚನ್ನಪಟ್ಟಣದ ಭಾಷೆಯಲ್ಲಿ ಈರುಳ್ಳಿಯ ಬಗ್ಗೆ ಜಗಳವಾಡಿದರು.

ಊರಿಗೆ ಬಂದವರೇ ಕೆಂಡದ ಒಲೆ ಕಟ್ಟಿಸಿದರು. ಅದೇ ಸುತ್ತಿದ ರೊಟ್ಟಿ, ಹುಳಿಗೆ ಮಾತ್ರ ನಮ್ಮ ಒಣಮಾವಿನಕಾಯಿಯ ಪುಡಿ. ನಿಧಾನಕ್ಕೆ ಬೈಕುಗಳು ಬಿಡದಿಯ ದಾರಿ ಬಿಟ್ಟು ಹಳೇ ರಸ್ತೆಗೆ ಬರತೊಡಗಿದವು. ಹುಡುಗರು ಸಾಲಾಗಿ ಅಂಗೈ ಒಡ್ಡಿ ನಿಂತರು.

ವ್ಯಾಪಾರಕ್ಕೆ ಇಳಿಯುವವರಿಗೆ ನಾನು ಹೇಳುವುದು ಇಷ್ಟೇ: ಮಾಲನ್ನು ಮೊದಲು ಗಿರಾಕಿಯ ಕೈಗೆ ಕೊಡಿ, ಬೆಲೆ ಆಮೇಲೆ. ಈಗ ನಾನು ಗೊಂಬೆ ಮಾರುವುದೂ ಹಾಗೆಯೇ. ಇದು ನನ್ನ ಬುದ್ಧಿಯಲ್ಲ, ಆಕೆಯದು.

ಹೋದ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡರು. ತಿಥಿ ಮುಗಿದ ಮೇಲೆ ಮಗ ಬಾಗಿಲಿಗೆ ಬೀಗ ತಂದ. ಸೊಸೆ ಅದನ್ನು ಕಿತ್ತುಕೊಂಡು ಕೆಂಡ ಹಚ್ಚಿದಳು. ನಾನು ಹೋಗಿ ಅಂಗೈ ಒಡ್ಡಿದೆ. ತುಂಡು ಬಿತ್ತು, ಚುರುಕ್ಕೆಂದಿತು.

"ಉಪ್ಪು ಒಸಿ ಮುಂದಾಯ್ತು ಕಣವ್ವ" ಎಂದೆ.

ಆಕೆ ತಲೆ ಎತ್ತಲೂ ಇಲ್ಲ. "ಮುಂದೆ ಬೇರೆ ಹೋಟ್ಲು ಐತೆ, ಹೋಗಿ."

ಆ ರಸ್ತೆಯಲ್ಲಿ ಮುಂದೆ ಯಾವ ಹೋಟೆಲೂ ಉಳಿದಿಲ್ಲ. ಕೂತುಕೊಂಡೆ.